ಭಾನುವಾರದ ಇಡ್ಲಿ ಗುರುವಾರಕ್ಕೂ ಮೆತ್ತಗಿರ್ಬೇಕಾ?

ಪ್ರಶ್ನೆ: ಅಕ್ಕಾ ನಮಸ್ಕಾರ. ನಾವಿಬ್ರೂ ಕೆಲ್ಸಕ್ಕೆ ಹೋಗೋರು, ಮಗಳ ಸ್ಕೂಲ್ ವ್ಯಾನ್ 7.20ಕ್ಕೇ ಬರುತ್ತೆ, ಅದಾಗಿ 20 ನಿಮಿಷಕ್ಕೆ ನನ್ನ ಕ್ಯಾಬು. ಭಾನುವಾರ ಒಟ್ಟಿಗೆ ಇಡ್ಲಿ ಮಾಡಿ ಡಬ್ಬಿಲಿ ಹಾಕಿ ಫ್ರಿಡ್ಜಲ್ಲಿಟ್ರೆ ಮಂಗಳವಾರಕ್ಕೆ ಬಿರುಸಾಗಿರುತ್ತೆ, ಮಗಳು ಮುಟ್ಟಲ್ಲ. ಫ್ರೀಜ್ ಮಾಡ್ಬಹುದಾ? ಅತ್ತೆ ಬೇರೆ ಮಗೂಗೆ ತಂಗಳು ತಿನ್ನಿಸ್ಬೇಡ ಅಂತಾರೆ.
– ಓದುಗರು, ವಿಜಯನಗರ

ಉತ್ತರ: ಧಾರಾಳವಾಗಿ ಮಾಡ್ಬಹುದು. ಮಗ ಪಿಯುಸಿ ಓದ್ತಿದ್ದ ವರ್ಷ ನಮ್ಮನೇಲೂ ಹೀಗೇ ನಡೀತು, ಆಗ ನಾನೂ ನಿಮ್ಮ ಥರಾನೇ ಕೆಳಗಡೆ ಫ್ರಿಡ್ಜಲ್ಲೇ ಇಡ್ತಿದ್ದೆ. ಬೆಂದ ಅಕ್ಕಿಲಿರೋ ಪಿಷ್ಟ ಗಟ್ಟಿಯಾಗೋದು ಆ 4-5 ಡಿಗ್ರಿ ತಂಪಲ್ಲೇ ಬೇಗ, ಮೈನಸ್ 18ರ ಫ್ರೀಜರಲ್ಲಿ ಅದು ಹೆಚ್ಚುಕಡಿಮೆ ನಿಂತೇಹೋಗುತ್ತೆ. ಅದಕ್ಕೇ ಎರಡು ದಿನ ಕೆಳಗಿಟ್ಟು ಆಮೇಲೆ ಮೇಲಕ್ಕೆ ಹಾಕೋದಲ್ಲ, ಮಾಡಿದ ದಿನಾನೇ ಹಾಕಿ.

ಇಡ್ಲಿ ಬಿಡಿಸಿ ಬಟ್ಟೆ ಮೇಲೆ ಹರಡಿ ಆರಿಸಿ, ಬಿಸಿ ಇದ್ದಾಗಲೇ ಕವರಿಗೆ ಹಾಕಿದ್ರೆ ಹಬೆಯೆಲ್ಲ ಐಸಾಗಿ ಕೂತ್ಕೊಂಡು ಬೆಳಿಗ್ಗೆ ಪಚಪಚ ಅನ್ನುತ್ತೆ. ಆರಿದ ಮೇಲೆ ತಟ್ಟೇಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ 2 ಗಂಟೆ ಫ್ರೀಜರಲ್ಲಿಡಿ, ಕಲ್ಲಿನ ಥರ ಆದ್ಮೇಲೆ ಜಿಪ್ ಕವರಿಗೆ ತುಂಬಿ ಗಾಳಿ ಒತ್ತಿ ತೆಗೆದು ಮುಚ್ಚಿ. ಬೆಳಿಗ್ಗೆ ಹೊರಗಿಟ್ಟು ಕರಗಿಸೋಕೆ ಹೋಗ್ಬೇಡಿ, ನೀರು ಕುದೀತಿರೋ ಇಡ್ಲಿ ಪಾತ್ರೆಗೆ ನೇರವಾಗಿ ಇಟ್ಟು 8-10 ನಿಮಿಷ ಹಬೆ ಕೊಡಿ, ಅಷ್ಟರಲ್ಲಿ ಮಗಳ ಜಡೆ ಹಾಕಿ ಮುಗಿಯುತ್ತೆ. ಒಂದನ್ನ ಮುರಿದು ನೋಡಿ, ನಡುವೆ ತಣ್ಣಗಿದ್ರೆ ಇನ್ನೆರಡು ನಿಮಿಷ.

ಕಾಯಿ ಚಟ್ನಿ ಮಾತ್ರ ಫ್ರೀಜ್ ಮಾಡ್ಬೇಡಿ, ಕರಗಿದಾಗ ನೀರು ಬೇರೆ ಚರಟ ಬೇರೆ ಆಗುತ್ತೆ. ಕಾಯಿ ತುರಿದು ಸಣ್ಣ ಸಣ್ಣ ಪೊಟ್ಟಣ ಮಾಡಿಟ್ರೆ ಚೆನ್ನಾಗಿರುತ್ತೆ, ಹುರಿಗಡಲೆ ಮೆಣಸಿನಕಾಯಿ ಜೊತೆ ಆಗಿಂದಾಗ್ಲೇ ರುಬ್ಬಿದ್ರಾಯ್ತು, ಅದಕ್ಕೂ ಟೈಮಿಲ್ಲ ಅಂದ್ರೆ ಚಟ್ನಿಪುಡಿ ತುಪ್ಪ. ಚಪಾತಿ ಅರ್ಧ ಬೇಯಿಸಿ ನಡುವೆ ಬಟರ್ ಪೇಪರ್ ಇಟ್ಟು ಫ್ರೀಜ್ ಮಾಡಿ. ಉಪ್ಪಿಟ್ಟು ಮಾಡಿ ಇಡೋದು ನನಗೆ ಸರಿಬರಲ್ಲ, ರವೆ ಹುರಿದು ಸಾಸಿವೆ ಬೇಳೆ ಒಗ್ಗರಣೆ ಬೆರೆಸಿಟ್ಕೊಂಡ್ರೆ ಬೆಳಿಗ್ಗೆ ಕುದಿಯೋ ನೀರಷ್ಟೇ ಕೆಲ್ಸ. ಹುದುಗಿದ ಹಿಟ್ಟನ್ನೇ ಫ್ರೀಜ್ ಮಾಡಿದ್ರೆ ಉಬ್ಬೋ ಶಕ್ತಿ ಕಮ್ಮಿಯಾಗುತ್ತೆ, ದೋಸೆಗೆ ನಡೆಯುತ್ತೆ, ಇಡ್ಲಿ ಚಪ್ಪಟೆ ಆಗುತ್ತೆ.

ಅತ್ತೆ ಮಾತನ್ನ ತಳ್ಳಿಹಾಕ್ಬೇಡಿ, ಅವ್ರು ಹೇಳ್ತಿರೋದ್ರಲ್ಲಿ ಹುರುಳಿದೆ. ಬೆಂದ ಅಕ್ಕಿ ತಿಂಡಿ ರಾತ್ರಿಯೆಲ್ಲ ಅಡುಗೆಮನೆ ಕಟ್ಟೆ ಮೇಲೆ ಬಿದ್ದಿದ್ರೆ ಅದ್ರಲ್ಲಿ ಬೆಳೆಯೋ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ, ಅದಕ್ಕೆ 2 ಗಂಟೆ ಒಳಗೆ ಫ್ರೀಜರ್ ಸೇರ್ಬೇಕು. ಹಾಗೆ ಸೇರಿದ್ದು ಕೆಡಲ್ಲ ಅಂತ ಅವ್ರಿಗೆ ಹೇಳಿ, ಮೊದಲ ಬಿಸಿ ಇಡ್ಲಿ ಅವ್ರಿಗೇ ಕೊಡಿ. ಡಬಲ್ ಡೋರ್ ಫ್ರಿಡ್ಜಾದ್ರೆ ತಿಂಗಳವರೆಗೆ ರುಚಿ ಕೆಡಲ್ಲ, ಸಿಂಗಲ್ ಡೋರಿನ ಸಣ್ಣ ಫ್ರೀಜರಲ್ಲಿ ಅಷ್ಟು ಚಳಿ ಇರಲ್ಲ, ವಾರದೊಳಗೆ ಮುಗಿಸಿ. ಕರೆಂಟ್ ಹೋದಾಗ ಬಾಗ್ಲು ತೆಗೀಬೇಡಿ. ಒಂದ್ಸಲ ಬಿಸಿ ಮಾಡಿದ್ದನ್ನ ಮತ್ತೆ ಫ್ರೀಜರಿಗೆ ಹಾಕೋ ಹಾಗಿಲ್ಲ, ಅದಕ್ಕೇ ಒಂದೊಂದು ಕವರಿಗೆ ಒಂದು ಹೊತ್ತಿಗೆ ಸಾಕಾಗೋಷ್ಟೇ ಹಾಕಿ, ಮೇಲೆ ತಾರೀಖು ಬರೆದಿಡಿ.