ಗಣಿತ ಬಿಡಲೆಂದು ಅರ್ಥಶಾಸ್ತ್ರ ಹಿಡಿದವಳು

ವಿಷಯ ಆಯ್ಕೆಯ ಸಮಯದಲ್ಲಿ ನನ್ನ ಬಳಿಗೆ ಬರುವ ಮಕ್ಕಳಲ್ಲಿ ಒಂದು ಬಗೆಯವರು ಪ್ರತಿವರ್ಷವೂ ಇರುತ್ತಾರೆ. ಶಾಲೆಯ ಕೊನೆಯ ಎರಡು ವರ್ಷಗಳಿಗೆ ಅರ್ಥಶಾಸ್ತ್ರ ಬೇಕು ಎನ್ನುತ್ತಾರೆ. ಏಕೆಂದು ಕೇಳಿದರೆ ಗಣಿತ ಬೇಡ ಎನ್ನುತ್ತಾರೆ. ಈ ಹುಡುಗಿಯೂ ಅಂಥವಳೇ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವಳನ್ನು ‘ಸ’ ಎಂದು ಕರೆಯೋಣ. ವಯಸ್ಸು 16, ಉಳಿದೆಲ್ಲ ವಿಷಯಗಳಲ್ಲಿ ಚುರುಕು, ಗಣಿತದ ಎರಡು ಪರೀಕ್ಷೆಗಳಲ್ಲಿ ಮಾತ್ರ ಸಾಲಾಗಿ ಹಿಂದೆ ಬಿದ್ದಿದ್ದಳು. ಅರ್ಥಶಾಸ್ತ್ರ ಓದಿದರೆ ವ್ಯಾಪಾರ ಕೈಗೆ ಹತ್ತುತ್ತದೆ ಎಂಬ ನಂಬಿಕೆಯಿಂದ ತಂದೆಯವರು ಒಪ್ಪಿದ್ದರು. ಅದೂ ಅರ್ಧ ಸತ್ಯವೇ: ಲೆಕ್ಕಪತ್ರ ಇಡುವುದನ್ನು ಕಲಿಸುವುದು ಲೆಕ್ಕಶಾಸ್ತ್ರ, ಬೆಲೆಗಳು ಏಕೆ ಏರುತ್ತವೆ, ಕೆಲಸಗಳು ಏಕೆ ಇಲ್ಲವಾಗುತ್ತವೆ ಎಂದು ಕೇಳುವುದು ಅರ್ಥಶಾಸ್ತ್ರ.

ಮೊದಲ ಭೇಟಿಯಲ್ಲಿ ‘ಆಸಕ್ತಿಯಿದ್ದರೆ ತೆಗೆದುಕೊ’ ಎಂದು ಹೇಳಿ ಕಳುಹಿಸಿಬಿಟ್ಟೆ. ಅದು ಸಲಹೆಯಲ್ಲ, ಜಾರಿಕೊಳ್ಳುವ ಮಾತು. ಇನ್ನೂ ಓದಿಯೇ ಇಲ್ಲದ ವಿಷಯದಲ್ಲಿ ಆಸಕ್ತಿಯಿದೆಯೋ ಇಲ್ಲವೋ ಎಂಬುದು ಅವಳಿಗಾದರೂ ಹೇಗೆ ತಿಳಿಯಬೇಕು?

ಆದ್ದರಿಂದ ಎರಡನೆಯ ಭೇಟಿಯಲ್ಲಿ ಅವಳ ಮುಂದೆ ಒಂದು ಹಾಳೆ ಇಟ್ಟೆ. ಹೋದ ವರ್ಷ ಬೆಳೆಗಾರರೆಲ್ಲ ಸೇರಿ 100 ಮೂಟೆ ಧಾನ್ಯ ಬೆಳೆದರು, ಮೂಟೆಯ ಬೆಲೆ 10. ಈ ವರ್ಷ ಮಳೆ ಚೆನ್ನಾಗಿ ಆಗಿ 120 ಮೂಟೆ ಬಂತು, ಬೆಲೆ 7ಕ್ಕೆ ಇಳಿಯಿತು. ಯಾವ ವರ್ಷ ಅವರ ಕೈಗೆ ಹೆಚ್ಚು ಹಣ ಬಂತು? ಅವಳು 1000 ಎಂದು ಬರೆದಳು, 840 ಎಂದು ಬರೆದಳು, ಆಮೇಲೆ ಎರಡನೆಯದನ್ನು ಹೊಡೆದುಹಾಕಿ ಮತ್ತೆ ಗುಣಿಸಿದಳು. ಪುನಃ 840. ‘ಬೆಳೆ ಹೆಚ್ಚಾದರೂ ಹಣ ಕಡಿಮೆಯಾಗಿದೆ. ನಾನೇ ಎಲ್ಲೋ ತಪ್ಪು ಮಾಡಿದ್ದೇನೆ ಅಲ್ಲವಾ ಮೇಡಂ?’

ತಪ್ಪಿಲ್ಲ ಎಂದೆ. ಧಾನ್ಯ ಅಗ್ಗವಾಯಿತೆಂದು ಯಾರೂ ಎರಡರಷ್ಟು ಉಣ್ಣುವುದಿಲ್ಲ. ಹೆಚ್ಚುವರಿ 20 ಮೂಟೆ ಖರ್ಚಾಗಬೇಕಾದರೆ ಬೆಲೆ ಬಹಳವೇ ಇಳಿಯಬೇಕು. ಬೇಡಿಕೆಯ ಸ್ಥಿತಿಸ್ಥಾಪಕತ್ವ ಕಡಿಮೆ ಎಂದು ಪಠ್ಯಪುಸ್ತಕ ಹೇಳುವುದು ಇದನ್ನೇ. ‘ಆ ಬೆಳೆಗಾರರಲ್ಲಿ ನೀನೂ ಒಬ್ಬಳಾಗಿದ್ದರೆ ಮುಂದಿನ ವರ್ಷ ಏನು ಮಾಡುತ್ತಿದ್ದೆ?’ ಎಂದು ಕೇಳಿದೆ.

‘ಕಡಿಮೆ ಬೆಳೆಯುತ್ತಿದ್ದೆ’ ಎಂದು ತಟ್ಟನೆ ಹೇಳಿದವಳು, ಪೆನ್ನಿನ ಮುಚ್ಚಳ ಹಾಕುವುದು ತೆಗೆಯುವುದು ಮಾಡುತ್ತಾ ಸ್ವಲ್ಪ ಹೊತ್ತು ಸುಮ್ಮನಾದಳು. ‘ಇಲ್ಲ ಮೇಡಂ. ನಾನೊಬ್ಬಳು ಕಡಿಮೆ ಬೆಳೆದರೆ ಬೆಲೆ ಏರುವುದಿಲ್ಲ, ನಷ್ಟ ನನಗೇ. ಎಲ್ಲರೂ ಕಡಿಮೆ ಬೆಳೆಯಬೇಕು. ಆದರೆ ಎಲ್ಲರೂ ಹಾಗೆ ಮಾಡಿದಾಗ ನಾನು ಮಾತ್ರ ಹೆಚ್ಚು ಬೆಳೆದರೆ ನನಗೆ ಲಾಭ. ಅವರೂ ಹೀಗೇ ಯೋಚಿಸುತ್ತಾರಲ್ಲ!’

ತೈಲ ರಫ್ತು ಮಾಡುವ ದೇಶಗಳ ಕೂಟವಾಗಿ 1960ರಲ್ಲಿ ಸ್ಥಾಪನೆಯಾದ ಒಪೆಕ್‌ನ ತೈಲ ದೇಶಗಳು ಉತ್ಪಾದನೆಗೆ ಮಿತಿ ಹಾಕಿಕೊಂಡಾಗಲೆಲ್ಲ ಎದುರಾಗುವ ತೊಡಕು ಇದೇ. ಅದನ್ನು ಯಾರೂ ಹೇಳಿಕೊಡದೆ ಈ ಹುಡುಗಿ ಒಂದು ಗುಣಾಕಾರದಿಂದ ಹೊರಟು ತಲುಪಿದ್ದಳು.

ಆಗ ನಾನು ಕೊಟ್ಟ ಸಲಹೆ ಅವಳು ನಿರೀಕ್ಷಿಸಿದ್ದಲ್ಲ: ಅರ್ಥಶಾಸ್ತ್ರ ತೆಗೆದುಕೊ, ಗಣಿತವನ್ನೂ ಬಿಡಬೇಡ. ಶಾಲೆಯ ಮಟ್ಟದ ಅರ್ಥಶಾಸ್ತ್ರಕ್ಕೆ ಶೇಕಡಾವಾರು, ಸೂಚ್ಯಂಕ, ರೇಖಾಚಿತ್ರಗಳು ಬಂದರೆ ಬಹುಮಟ್ಟಿಗೆ ಸಾಕು. ಆದರೆ ಇನ್ನೊಂದು ಘಟಕ ತಯಾರಿಸಲು ತಗಲುವ ಸೀಮಾಂತ ವೆಚ್ಚವು ಪದವಿಯ ತರಗತಿಗೆ ಬಂದೊಡನೆ ಗಣಿತದ ಕಲನಶಾಸ್ತ್ರ (ಕ್ಯಾಲ್ಕುಲಸ್) ಆಗುತ್ತದೆ. ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಹಲವು, ಅರ್ಥಶಾಸ್ತ್ರದ ಪದವಿಗೆ ಸೇರುವವರು ಶಾಲೆಯಲ್ಲಿ ಅರ್ಥಶಾಸ್ತ್ರ ಓದಿರಲೇಬೇಕೆಂದು ಒತ್ತಾಯಿಸುವುದಿಲ್ಲ, ಗಣಿತ ಓದಿರಬೇಕೆಂದು ಒತ್ತಾಯಿಸುತ್ತವೆ. ಇದನ್ನು ಮಕ್ಕಳಿಗೆ ವಿಷಯ ಆರಿಸುವ ಮೊದಲು ಹೇಳುವವರು ಕಡಿಮೆ. ತಿಳಿಯುವ ಹೊತ್ತಿಗೆ ಎರಡು ವರ್ಷ ಕಳೆದಿರುತ್ತದೆ.

ಹೆದರಿದ ಮಗುವನ್ನು ಹೆದರಿಕೆಯ ಕಡೆಗೇ ತಳ್ಳಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಗಣಿತದಿಂದ ನಿದ್ದೆಗೆಟ್ಟು ಊಟ ಬಿಟ್ಟ ಮಕ್ಕಳಿಗೆ ಅದನ್ನು ಬಿಡು ಎಂದು ನಾನೇ ಹೇಳಿದ್ದುಂಟು. ಆದರೆ ‘ಸ’ಳ ತೊಂದರೆ ಅದಾಗಿರಲಿಲ್ಲ, ಉತ್ತರ ಸರಿಯಿದ್ದಾಗಲೂ ಅದನ್ನು ಹೊಡೆದುಹಾಕುವುದು ಅವಳ ತೊಂದರೆಯಾಗಿತ್ತು, ಮತ್ತು ಅರ್ಥಶಾಸ್ತ್ರಕ್ಕೆ ಹೋದರೂ ಅದು ಅವಳ ಜೊತೆಗೇ ಬರುತ್ತಿತ್ತು.

ಅವಳು ಎರಡನ್ನೂ ತೆಗೆದುಕೊಂಡಳು. ಮೂರು ತಿಂಗಳ ನಂತರ ಬಂದಾಗ ಅರ್ಥಶಾಸ್ತ್ರದ ಬಗ್ಗೆ ಉತ್ಸಾಹದಿಂದ ಮಾತನಾಡಿದಳು. ಗಣಿತದ ಅಂಕಗಳು ಮಾತ್ರ ಹೆಚ್ಚೇನೂ ಏರಿರಲಿಲ್ಲ. ‘ಈಗಲಾದರೂ ಬಿಡಲಾ ಮೇಡಂ?’ ಎಂದು ಕೇಳಿದಳು. ಉತ್ತರಪತ್ರಿಕೆಗಳನ್ನು ತರಲು ಹೇಳಿದ್ದೇನೆ. ಅದರಲ್ಲಿ ಎಷ್ಟು ಸರಿಯುತ್ತರಗಳನ್ನು ಹೊಡೆದುಹಾಕಿದ್ದಾಳೆ ಎಂದು ಮೊದಲು ಎಣಿಸಬೇಕು.