ಟೆಸ್ ಯಾಕೆ ಮತ್ತೆ ಅವನ ಬಳಿಗೆ ಹೋದಳು?

ಪ್ರಶ್ನೆ: ಮೇಡಂ, ಥಾಮಸ್ ಹಾರ್ಡಿಯ ‘ಟೆಸ್’ ಕಾದಂಬರಿ ಓದಿದೆ. ಗಂಡ ಏಂಜಲ್ ಮೇಲೆ ಅಷ್ಟು ಪ್ರೀತಿ ಇಟ್ಟುಕೊಂಡವಳು, ತನ್ನ ಬಾಳು ಹಾಳು ಮಾಡಿದ ಅಲೆಕ್ ಬಳಿಗೇ ಮತ್ತೆ ಹೋಗುತ್ತಾಳಲ್ಲ? ಸಿಟ್ಟು ಬಂತು. ವಿಧಿ ಅಂತ ಸುಮ್ನೆ ಇರಬೇಕಾ?
– ಓದುಗಿ, ಸಿದ್ದಾಪುರ

ಉತ್ತರ: ವಿಧಿಯ ಮಾತು ಆಮೇಲೆ. ಮೊದಲು ಆ ಮನೆಯ ವಿಷಯ ನೋಡಿ. ಟೆಸ್‌ನ ಅಪ್ಪ ಇದ್ದದ್ದು ಮೂರು ಜೀವದ ಗುತ್ತಿಗೆಯ ಮನೆಯಲ್ಲಿ. ಗುತ್ತಿಗೆಗೆ ಸೇರಿದ ಮೂವರಲ್ಲಿ ಕೊನೆಯವರು ಸತ್ತ ದಿನ ಗುತ್ತಿಗೆಯೂ ಮುಗಿಯುತ್ತದೆ. ಆ ಕೊನೆಯವನು ಅವಳ ಅಪ್ಪ. ಅವನು ಸತ್ತ ಮೇಲೆ ಅಮ್ಮ, ತಮ್ಮ, ತಂಗಿಯರು ಎಲ್ಲರೂ ಬೀದಿಗೆ. ವಾರದ ಬಾಡಿಗೆಗಾದರೂ ಇರಲು ಬಿಡುತ್ತಿದ್ದರೇನೋ, ಆದರೆ ‘ಹೆಸರು ಕೆಟ್ಟ’ ಮಗಳು ಮನೆಗೆ ಬಂದಿದ್ದಾಳೆ! ಹೊಸ ಊರಿಗೆ ಹೋದರೆ ಹೇಳಿಟ್ಟಿದ್ದ ಕೋಣೆ ಬೇರೆಯವರಿಗೆ ಹೋಗಿದೆ. ಚರ್ಚಿನ ಗೋಡೆ ಪಕ್ಕ ಮಂಚ ಹಾಕಿ ಮಕ್ಕಳನ್ನು ಮಲಗಿಸುತ್ತಾರೆ. ಅಲೆಕ್ ಕೊಡುತ್ತೇನೆ ಅಂದದ್ದು ಅಮ್ಮನಿಗೆ ಮನೆ, ಮಕ್ಕಳಿಗೆ ಶಾಲೆ. ಗಂಡ ಬ್ರೆಜಿಲ್‌ನಲ್ಲಿ. ಅವಳು ಇನ್ನೇನು ಮಾಡಬೇಕಿತ್ತು, ಹೇಳಿ?

ವಿರಾಜಪೇಟೆಯಲ್ಲಿ ನಾನು ಈ ಪಾಠ ಮಾಡುವಾಗ ತೋಟದ ಲೈನ್ ಮನೆಗಳಿಂದ (ಕೆಲಸದವರಿಗೆ ತೋಟದವರೇ ಕೊಡುವ ಸಾಲು ಮನೆಗಳಿಂದ) ಬರುತ್ತಿದ್ದ ಮಕ್ಕಳಿಗೆ ಈ ಭಾಗ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಲಸ ಹೋದರೆ ಮನೆಯೂ ಹೋಗುತ್ತದೆ ಅನ್ನುವ ಭಯ ಅವರಿಗೆ ಗೊತ್ತಿತ್ತು. ಅವರಲ್ಲಿ ಯಾರೂ ಟೆಸ್‌ನ್ನು ಬೈಯಲಿಲ್ಲ.

ಏಂಜಲ್ ವಿಷಯಕ್ಕೆ ಬಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮದುವೆಗೆ ಮುಂಚೆ ಒಬ್ಬ ಹೆಣ್ಣಿನ ಜೊತೆ ಮಾಡಿದ ತಪ್ಪನ್ನು ಮದುವೆಯ ರಾತ್ರಿ ಮೊದಲು ಹೇಳಿದವನು ಅವನೇ. ಅವಳು ಕೂಡಲೇ ಕ್ಷಮಿಸುತ್ತಾಳೆ. ಅಲೆಕ್‌ನಿಂದ ಅವಳಿಗಾದ ಕಥೆ ಕೇಳಿದ ಮೇಲೆ ಅವನಿಗೆ ಕ್ಷಮಿಸಲು ಆಗುವುದಿಲ್ಲ. ಕಾದಂಬರಿ ಬಂದದ್ದು 1891ರಲ್ಲಿ. ಆಗಿನ ಇಂಗ್ಲೆಂಡಿನ ಕಾನೂನೂ ಹಾಗೇ ಇತ್ತು. 1857ರ ಕಾಯ್ದೆಯಲ್ಲಿ ಹೆಂಡತಿ ವ್ಯಭಿಚಾರ ಮಾಡಿದಳೆಂದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟೇ ಸಾಲದು, ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಜೊತೆಗೆ ತೋರಿಸಬೇಕಿತ್ತು. ಇದು ಸರಿಯಾದದ್ದು 1923ರಲ್ಲಿ.

ಇನ್ನು ಬಡವರು, ದೊಡ್ಡವರು ಅನ್ನುವ ಮೇಲು-ಕೀಳು. ಅದನ್ನು ನೋಡಲು 44ನೇ ಅಧ್ಯಾಯ ಇನ್ನೊಮ್ಮೆ ಓದಿ. ಟೆಸ್ ಸಹಾಯ ಕೇಳಲು ಪಾದ್ರಿ ಮಾವನ ಮನೆಗೆ ಮೈಲಿಗಟ್ಟಲೆ ನಡೆದು ಹೋಗುತ್ತಾಳೆ. ದಪ್ಪ ಬೂಟುಗಳನ್ನು ಬೇಲಿಯಲ್ಲಿ ಅಡಗಿಸಿ, ಒಳ್ಳೆಯ ಜೋಡು ಹಾಕಿಕೊಳ್ಳುತ್ತಾಳೆ. ಗಂಡನ ಅಣ್ಣಂದಿರ ಜೊತೆ ಬಂದ ಹುಡುಗಿ ಆ ಬೂಟು ನೋಡಿ, ಕನಿಕರ ಗಿಟ್ಟಿಸಲು ಬರಿಗಾಲಲ್ಲಿ ಬಂದ ಯಾರೋ ಮೋಸಗಾರರದು, ಬಡವರಿಗೆ ಕೊಡೋಣ ಎಂದು ಎತ್ತಿಕೊಂಡು ಹೋಗುತ್ತಾಳೆ. ಹಾಲು ಕರೆಯುವವಳನ್ನು ತಮ್ಮ ಮದುವೆಯಾದ ಅಂತ ಅಣ್ಣಂದಿರು ಆಡಿಕೊಂಡದ್ದು ಟೆಸ್ ಕಿವಿಗೂ ಬೀಳುತ್ತದೆ. ಮಾವನನ್ನು ನೋಡದೆಯೇ ವಾಪಸ್ ಹೊರಡುತ್ತಾಳೆ. ಬಡವರನ್ನು ಕಂಡರೆ ಆ ಮಾವ ಕರಗುವ ಮನುಷ್ಯ ಅಂತ ಹಾರ್ಡಿಯೇ ಬರೆದಿದ್ದಾನೆ.