ಸಾವಿರ ಪ್ರತಿ ಹಾಕಿಸುವ ಮುಂಚೆ

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವವರ ಪ್ರಶ್ನೆಗಳು ಈ ಸಲವೂ ಹಳೆಯವೇ. ಅದನ್ನೇ ತಿರುಗಿಸಿ ಮುರುಗಿಸಿ ಕೇಳುತ್ತೀರಿ. ಆದ್ದರಿಂದ ಒಂದಕ್ಕೆ ಪುರಸೊತ್ತಿನಿಂದ ಉತ್ತರ, ಉಳಿದವಕ್ಕೆ ಎಷ್ಟು ಬೇಕೋ ಅಷ್ಟು. ಹಸ್ತಪ್ರತಿಯನ್ನು ಮನೆಯವರಲ್ಲದ ಒಬ್ಬರಿಂದಾದರೂ ಓದಿಸಿದ್ದೀರಿ ಎಂದು ಹಿಡಿದೇ ಬರೆಯುತ್ತಿದ್ದೇನೆ. ಓದಿಸಿಲ್ಲದಿದ್ದರೆ ಮೊದಲು ಆ ಕೆಲಸ ಮುಗಿಸಿ ಬನ್ನಿ.

ನನ್ನ ಕಥಾಸಂಕಲನ 168 ಪುಟ ಆಗುತ್ತದೆ. ಇನ್ನೂರು ಪ್ರತಿ ಸಾಕೆಂದರೆ ಪ್ರೆಸ್ಸಿನವರು, ‘ಸಾವಿರ ಹಾಕಸ್ರಿ ಸರ, ರೇಟ್ ಅರ್ಧಕ್ಕ ಬೀಳತೈತಿ, ಉಳಿದದ್ದು ಲೈಬ್ರರಿಗೆ ಹೋಗತೈತಿ’ ಅನ್ನುತ್ತಾರೆ. ಏನು ಮಾಡಲಿ? – ಶಿಕ್ಷಕರು, ರೋಣ

ರೇಟಿನ ವಿಷಯದಲ್ಲಿ ಅವರು ಸುಳ್ಳು ಹೇಳಿಲ್ಲ. ಸಾವಿರದಂಥ ದೊಡ್ಡ ಸಂಖ್ಯೆಗೆ ಬಳಸುವ ಆಫ್‌ಸೆಟ್ ಮುದ್ರಣದಲ್ಲಿ ಅಚ್ಚಿಗೆ ಪ್ಲೇಟು ಮಾಡಿಸಬೇಕು, ಮಷೀನಿಗೆ ಏರಿಸಬೇಕು, ಶಾಯಿ ಹದಕ್ಕೆ ಬರುವವರೆಗೆ ಒಂದಿಷ್ಟು ಹಾಳೆ ಹಾಳಾಗುತ್ತವೆ. ಈ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಸಾವಿರಕ್ಕೆ ಹಂಚಿದರೆ ಒಂದರ ಪಾಲು ಚಿಕ್ಕದಾಗಿ ಕಾಣುತ್ತದೆ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟೇ ಇಲ್ಲ. ಐವತ್ತು ಹಾಕಿಸಿ, ಇನ್ನೂರು ಹಾಕಿಸಿ, ಒಂದರ ದರ ಹೆಚ್ಚೂಕಡಿಮೆ ಅಲ್ಲಲ್ಲೇ ಇರುತ್ತದೆ.

ಎಡವುವುದು ಲೆಕ್ಕದಲ್ಲಿ. ಅಚ್ಚಾದ ಪ್ರತಿಗೆ ಎಷ್ಟು ಬಿತ್ತು ಎಂದು ಎಲ್ಲರೂ ಕೇಳುತ್ತಾರೆ, ಮಾರಾಟವಾದ ಪ್ರತಿಗೆ ಎಷ್ಟು ಬಿತ್ತು ಎಂದು ಯಾರೂ ಕೇಳುವುದಿಲ್ಲ. ಬರೀ ಅಂದಾಜಿಗೆ ನೋಡೋಣ: ಸಾವಿರ ಹಾಕಿಸಿದರೆ ಒಂದಕ್ಕೆ 50 ರೂಪಾಯಿ, ಒಟ್ಟು 50,000. ಡಿಜಿಟಲ್‌ನಲ್ಲಿ ಇನ್ನೂರಕ್ಕೆ ತಲಾ 100, ಒಟ್ಟು 20,000. ಮಾರಾಟವಾದದ್ದು 180 ಅನ್ನಿ. ಮಾರಿದ ಪ್ರತಿಯೊಂದಕ್ಕೆ ‘ಅಗ್ಗ’ದ ಲೆಕ್ಕದಲ್ಲಿ ನಿಮಗೆ ಬಿದ್ದದ್ದು ಸುಮಾರು 278 ರೂಪಾಯಿ, ‘ತುಟ್ಟಿ’ಯ ಲೆಕ್ಕದಲ್ಲಿ 111. ಉಳಿದ 820 ಪ್ರತಿ ಮಂಚದ ಕೆಳಗೆ. ಧಾರವಾಡದಂಥ ಊರಿನಲ್ಲಿ ಒಂದು ಮಳೆಗಾಲ ಸಾಕು, ಕಟ್ಟಿನ ತಳದ ಪುಸ್ತಕಗಳು ಥಂಡಿ ಹಿಡಿದು ಹೊದಿಕೆ ಸುರುಳಿ ಸುತ್ತುತ್ತದೆ. ಆಮೇಲೆ ಗೆದ್ದಲು.

ಅದಕ್ಕೇ ಎರಡು ಪಟ್ಟಿ ಮಾಡಿ. ಒಂದರಲ್ಲಿ ದುಡ್ಡು ಕೊಟ್ಟು ಕೊಳ್ಳುವವರ ಹೆಸರು, ಇನ್ನೊಂದರಲ್ಲಿ ‘ಒಂದ್ ಕಾಪಿ ಕೊಡ್ರೀ, ಓದಿ ಅಭಿಪ್ರಾಯ ಹೇಳ್ತೀನಿ’ ಅನ್ನುವವರ ಹೆಸರು. ಎರಡನೆಯದು ಉದ್ದ ಇರುತ್ತದೆ, ಗಾಬರಿ ಬೇಡ. ಮುದ್ರಣ ಸಂಖ್ಯೆ ಮೊದಲ ಪಟ್ಟಿಯಿಂದ ಬರಬೇಕು.

ಸಣ್ಣ ಸಂಖ್ಯೆಗೂ ಒಂದು ತೊಡಕಿದೆ. ಪುಸ್ತಕದಂಗಡಿಯವರು ಮುಖಬೆಲೆಯಲ್ಲಿ ನೂರಕ್ಕೆ 30ರಿಂದ 40 ರಿಯಾಯಿತಿ ಕೇಳುತ್ತಾರೆ. 180 ರೂಪಾಯಿ ಬೆಲೆಯಿಟ್ಟು ನೂರಕ್ಕೆ 40 ಬಿಟ್ಟರೆ ಕೈಗೆ ಬರುವುದು 108. ಅಚ್ಚಿಗೇ 100 ಹೋಗಿದೆ. ಹಾಗಾಗಿ ಮೊದಲ ಇನ್ನೂರನ್ನು ನೀವೇ ಮಾರಬೇಕು: ಬಿಡುಗಡೆಯ ದಿನ, ಶಾಲೆಯಲ್ಲಿ, ಅಂಚೆಯಲ್ಲಿ. ಅವು ತಿಂಗಳೆರಡು ತಿಂಗಳಲ್ಲಿ ಖಾಲಿಯಾದರೆ ಆಗ ಐದುನೂರಕ್ಕೆ ಆಫ್‌ಸೆಟ್‌ಗೆ ಹೋಗಿ. ನಾನೇ ನಿಮ್ಮ ಜೊತೆ ಪ್ರೆಸ್ಸಿಗೆ ಬರುತ್ತೇನೆ.

ಇನ್ನು ಲೈಬ್ರರಿ ಮಾತು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಇರುವುದು ನಿಜ. ಆದರೆ ಅರ್ಜಿ ಕರೆಯಬೇಕು, ಆಯ್ಕೆ ಸಮಿತಿ ಒಪ್ಪಬೇಕು, ಆಮೇಲೆ ಬಿಲ್ಲು ಪಾಸಾಗಬೇಕು. ಬಾಕಿ ಹಣಕ್ಕೆ ಕಾದು ಕೂತ ಪ್ರಕಾಶಕರು ನಾಡಿನ ತುಂಬ ಇದ್ದಾರೆ. ಆಯ್ಕೆಗೆ ಮಾದರಿ ಪ್ರತಿ ಸಾಕು. ಆದೇಶ ಬಂದರೆ ಪುಸ್ತಕದ ಫೈಲ್ ನಿಮ್ಮ ಕೈಯಲ್ಲಿದೆ, ಬೇಕಾದಷ್ಟು ಅಚ್ಚು ಹಾಕಿಸಿ ಕೊಡಿ. ಬಾರದ ಆದೇಶ ನೆಚ್ಚಿಕೊಂಡು ಸೊಸೈಟಿಯಲ್ಲಿ ಸಾಲ ಎತ್ತಬೇಡಿ.

ಪುಟದ ಸಂಖ್ಯೆಯನ್ನೂ ನೋಡಿ. ಕಥೆ, ಕಾದಂಬರಿಗೆ ಸಾಮಾನ್ಯವಾದ ಡೆಮಿ ಅಷ್ಟದಳ ಅಳತೆಯಲ್ಲಿ ಒಂದು ಫಾರ್ಮಿಗೆ (ಒಟ್ಟಿಗೆ ಅಚ್ಚು ಹಾಕಿ ಮಡಚುವ ಕಟ್ಟಿಗೆ) 16 ಪುಟ, ಅಂದರೆ ನಿಮ್ಮದು ಹತ್ತೂವರೆ ಫಾರ್ಮ್. ಎಂಟು ಪುಟ ಇಳಿಸಿದರೆ ಹತ್ತಕ್ಕೆ ಕೂಡುತ್ತದೆ. ಕಥೆ ಕಡಿಯಬೇಕಿಲ್ಲ. ಮುನ್ನುಡಿ, ಹಾರೈಕೆ, ‘ಎರಡು ಮಾತು’ ಅಂತ ಶುರುವಾಗಿ ಆರು ಪುಟ ಓಡುವ ಲೇಖಕರ ಮಾತು, ಇವುಗಳಲ್ಲೇ ಎಂಟು ಪುಟ ಸಿಗುತ್ತದೆ. ಗದಗಿಗೆ ಮುದ್ರಣ ಕಾಶಿ ಅನ್ನುತ್ತಾರೆ. ಅಲ್ಲಿ ಒಳ್ಳೆಯ ಕೆಲಸಗಾರರಿಗೆ ಬರವಿಲ್ಲ, ಆದರೆ ಕೇಳದಿದ್ದರೆ ಯಾರೂ ತಾವಾಗಿ ತೋರಿಸುವುದಿಲ್ಲ. ನಿಮ್ಮ ಪ್ರೆಸ್ಸಿನವರೇ ಹಿಂದೆ ಹಾಕಿದ ಒಂದು ಪುಸ್ತಕ ಕೇಳಿ ತೆಗೆದುಕೊಳ್ಳಿ. ನಡುವೆ ಬಿಚ್ಚಿ ಎರಡೂ ಅಂಗೈಯಿಂದ ಒತ್ತಿ. ಬೆನ್ನಿನ ಅಂಟು ಚಟ್ಟೆಂದರೆ, ಹಾಳೆ ಬುಡದಿಂದ ಎದ್ದರೆ, ಹೊಲಿಗೆ ಹಾಕಿಸಿ ಅನ್ನಿ, ಇಲ್ಲ ಬೇರೆ ಪ್ರೆಸ್ ನೋಡಿ. ಒಳಪುಟಕ್ಕೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ ಕಾಗದ ಸಾಕು. ಅದಕ್ಕಿಂತ ತೆಳುವಾದರೆ ಹಿಂದಿನ ಪುಟದ ಅಕ್ಷರ ಮುಂದೆ ಇಣುಕುತ್ತದೆ.

ಕೊನೆಯ ಕರಡನ್ನು ಕಾಗದದ ಮೇಲೇ ಓದಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಎಲ್ಲ ಕಂಪ್ಯೂಟರಿಗೂ ಹೊಂದುವ ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ, ನಡುವೆ ಬಂದ ಇಂಗ್ಲಿಷ್ ಪದ ಅರ್ಥವಿಲ್ಲದ ಕನ್ನಡ ಅಕ್ಷರಗಳ ಕಸವಾಗಿರುತ್ತದೆ. ಮೊಬೈಲಿನಲ್ಲಿ ಪಿಡಿಎಫ್ ಉಜ್ಜುತ್ತ ಹೋದರೆ ಇದು ಕಣ್ಣಿಗೆ ಬೀಳುವುದಿಲ್ಲ. ಮತ್ತೆ, ಪೂರ್ತಿ ಹಣ ಕೊಡುವ ಮುಂಚೆ ತಿದ್ದಲು ಬರುವ ಫೈಲನ್ನೇ ಕೇಳಿ ಪಡೆಯಿರಿ. ಬರೀ ಪಿಡಿಎಫ್ ಸಾಲದು.

ಪುಸ್ತಕಕ್ಕೆ ಐಎಸ್‌ಬಿಎನ್ ಸಂಖ್ಯೆ ಮಾಡಿಸಿಕೊಡಲು ಏಜೆಂಟರು ಮೂರು ಸಾವಿರ ಕೇಳುತ್ತಿದ್ದಾರೆ. ಕೊಡಲೇ? – ಬ್ಯಾಡಗಿ

ಮೂರು ಪೈಸೆಯೂ ಕೊಡಬೇಡಿ. ಭಾರತದಲ್ಲಿ ಅದನ್ನು ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ, ಪುಕ್ಕಟೆಯಾಗಿ. ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅದು 13 ಅಂಕಿಯ ಗುರುತಿನ ಸಂಖ್ಯೆ, ಹಕ್ಕುಪತ್ರವಲ್ಲ.

ಹಸ್ತಪ್ರತಿಯನ್ನು ನನಗೆ ನಾನೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಕೊಂಡು ಒಡೆಯದೆ ಇಟ್ಟರೆ ಕಾಪಿರೈಟ್ ಸಿಗುತ್ತದಂತೆ? – ಹಾನಗಲ್

ಅಂತೆಕಂತೆ. 1957ರ ಕಾಯ್ದೆಯ ಪ್ರಕಾರ ಬರೆದ ಕೂಡಲೇ ಹಕ್ಕು ನಿಮ್ಮದು. ನೀವಿರುವಷ್ಟು ಕಾಲ, ಆಮೇಲೆ 60 ವರ್ಷ. ನೋಂದಣಿ ಕಡ್ಡಾಯವಲ್ಲ, ನಾಳೆ ತಕರಾರು ಬಂದರೆ ಸಾಕ್ಷಿಗೆ ಆಗುತ್ತದೆ.

ಪ್ರಕಾಶಕರು ‘ನಿಮ್ಮ ಪುಸ್ತಕ ನಾವೇ ತರುತ್ತೇವೆ, ಕರಾರು ಗಿರಾರು ಯಾಕೆ, ನಂಬಿಕೆ ಮುಖ್ಯ’ ಅನ್ನುತ್ತಾರೆ. – ಹುಬ್ಬಳ್ಳಿ

ನಂಬಿಕೆ ಇದ್ದವರಿಗೆ ಸಹಿ ಹಾಕಲು ಏನು ಕಷ್ಟ? ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರದಿದ್ದರೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಕೆಲವು ಪ್ರಕಾಶಕರು ‘ಸರ್ವ ಹಕ್ಕುಗಳೂ ಶಾಶ್ವತವಾಗಿ’ ಎಂದು ಒಂದು ಸಾಲು ತುರುಕಿರುತ್ತಾರೆ. ಆ ಸಾಲು ಹೊಡೆದು, ವರ್ಷ ಬರೆಸಿ. ಅನುವಾದ, ಆಡಿಯೊ, ಸಿನಿಮಾ ಹಕ್ಕು ನಿಮ್ಮಲ್ಲೇ ಇರಲಿ.

ನನ್ನ ಕವನಸಂಕಲನಕ್ಕೆ ರಾಜ್ಯಮಟ್ಟದ ಪ್ರಶಸ್ತಿ ಬಂದಿದೆಯಂತೆ, ನೋಂದಣಿ ಶುಲ್ಕ ಕಟ್ಟಲು ಫೋನ್ ಬಂದಿತ್ತು. – ಲಕ್ಷ್ಮೇಶ್ವರ

ಫೋನ್ ಇಡಿ.

ಪತ್ರಿಕೆಗಳಿಗೆ ಹವ್ಯಾಸಿಯಾಗಿ ಬರೆಯುತ್ತೇನೆ. ಸಂಭಾವನೆ ಕೇಳಲು ಸಂಕೋಚ. ಬಂದದ್ದರಲ್ಲೂ ಮುರಿದುಕೊಳ್ಳುತ್ತಾರೆ. – ಧಾರವಾಡ

ಬರೆದು ಕಳಿಸಿದ ಮೇಲೆ ಕೇಳುತ್ತೀರಿ, ಅದಕ್ಕೇ ಸಂಕೋಚ. ಒಪ್ಪಿಕೊಳ್ಳುವಾಗಲೇ ‘ಲೇಖನಕ್ಕೆ ಎಷ್ಟು, ಯಾವಾಗ’ ಎಂದು ಒಂದು ಸಾಲಿನ ಇಮೇಲ್ ಹಾಕಿ, ಉತ್ತರ ಬಂದ ಮೇಲೆ ಬರೆಯಿರಿ. ಮುರಿದುಕೊಂಡದ್ದು ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ತೆರಿಗೆ) ಆಗಿದ್ದರೆ ಅದು ನಿಮ್ಮ ಹೆಸರಿನಲ್ಲೇ ಜಮಾ ಆಗಿರಬೇಕು. ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ತೆರಿಗೆ ಜಮಾ ಪಟ್ಟಿ ತೆಗೆದು ನೋಡಿ. ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಪ್ಯಾನ್ ಕೊಟ್ಟಿರಲಿಲ್ಲವೆಂದರೆ ನೂರಕ್ಕೆ 20 ಕಡಿದಿರುತ್ತಾರೆ. ಆ ಪಟ್ಟಿಯಲ್ಲಿ ಜಮಾ ತೋರದಿದ್ದರೆ ಪತ್ರಿಕೆಯ ಲೆಕ್ಕಪತ್ರ ವಿಭಾಗಕ್ಕೆ ಪತ್ರ ಬರೆಯಿರಿ, ಸಂಪಾದಕರಿಗಲ್ಲ.